ಎದುರು ಮನೆಯಲ್ಲಿಟ್ಟ ಡಿಸ್ಕ್

ನಾಗಪುರ
೧೯ ನವೆಂಬರ್ ೨೦೦೮, ಬುಧವಾರ ಬೆಳಿಗ್ಗೆ

ಪ್ರೀತಿಯ ಮೈತ್ರೇಯೀ,

ಕೆಮ್ಮು ಹೇಗಿದೆ? ಮೇಳಘಾಟದ ಕಾಡಿನ ಚಳಿ ಇಲ್ಲಿಯದಕ್ಕಿಂತ ಹರಿತ ಎಂದು ಕೇಳಿದ್ದೇನೆ. ಅಲ್ಲಿ ಫೋನು ಹತ್ತುವುದಿಲ್ಲವಾದ್ದರಿಂದ ಹನ್ನೊಂದಕ್ಕೆ ಊರಂಚಿನ ವಾಡಿಯಿಂದ ಹೊರಡುವ ನಿಮ್ಮ ಸಂಸ್ಥೆಯ ಜೀಪಿನಲ್ಲಿ ಇದನ್ನು ಕಳಿಸುತ್ತಿದ್ದೇನೆ. ನೀನು ಕನ್ನಡ ಓದುವುದು ನಿಧಾನ. ಆದರೂ ಕನ್ನಡದಲ್ಲಿಯೇ ಬರೆಯುತ್ತಿದ್ದೇನೆ, ದಾರಿಯಲ್ಲಿ ಬೇರೆ ಯಾರೂ ಓದಲಾರರು ಎಂದು. ಇಂಥ ಎಚ್ಚರ ನನಗೆ ತಡವಾಗಿ ಬಂದಿದೆ.

ಸೀತಾಬರ್ಡಿ ಪೇಟೆಯಿಂದ ನೀನು ತಂದ ಎರಡು ಹಾರ್ಡ್ ಡಿಸ್ಕ್‌ಗಳ ವಿಷಯ. ಪ್ರತಿ ಭಾನುವಾರ ನೀನು ಕಲಿಸಿದಂತೆ ಕಂಪ್ಯೂಟರಿಗೆ ಒಂದನ್ನು ಜೋಡಿಸಿ, ಪಾಸ್‌ವರ್ಡ್ ಒತ್ತಿ, ಎಲ್ಲವನ್ನೂ ನಕಲು ಮಾಡುತ್ತಿದ್ದೆ. ಮನೆಗೆ ಬೆಂಕಿ ಬಿದ್ದರೂ ಉಳಿಯಲಿ ಎಂದು ಇನ್ನೊಂದನ್ನು ಬೇರೆ ಮನೆಯಲ್ಲಿಡಲು ನೀನೇ ಹೇಳಿದ್ದೆ. "ಪಾಸ್‌ವರ್ಡ್ ಬರೋಬರ್ ತಲ್ಯಾಗ ಇಟ್ಕೋರಿ ಅಪ್ಪಾ, ಕಾಗದದ ಮ್ಯಾಲೆ ಬ್ಯಾಡ" ಎಂದಿದ್ದೆ. ಕಲ್ಲಿದ್ದಲ ರಾಶಿ ಕುಸಿದ ದಿನ ಕಂಡದ್ದನ್ನು ಸಾವನೇರ್ ಕಡೆಯ ಆ ಹೆಂಗಸರು ಹೆಸರು ಹೊರಬೀಳದೆಂಬ ನಿನ್ನ ಮಾತಿನ ಮೇಲೆ ಹೇಳಿದ್ದರು. ಅವರ ಧ್ವನಿ, ಹೆಸರು, ಮನೆಯ ಗುರುತು ಎಲ್ಲವೂ ಅದರೊಳಗೇ ಇದ್ದವು.

ನಮ್ಮ ಮನೆಯ ಅಭ್ಯಾಸ ನಿನಗೆ ಗೊತ್ತಲ್ಲ. ಐದು ಊರುಗಳಿಗೆ ವರ್ಗವಾದೆವು. ಐದರಲ್ಲೂ ಇನ್ನೊಂದು ಕೀಲಿಕೈ ಪಕ್ಕದ ಮನೆಯಲ್ಲಿರುತ್ತಿತ್ತು, ಯಾರದೆಂದು ತಿಳಿಯಲು ದಾರದಲ್ಲಿ ಚೀಟಿ ಕಟ್ಟಿ. ಡಿಸ್ಕನ್ನೂ ಹಾಗೆಯೇ ಎದುರು ಮನೆಯ ವನಜಾಕ್ಷಿಯವರಿಗೆ ಕೊಟ್ಟೆ. ನನ್ನ ಹೆಸರು ಬರೆದ ಚೀಟಿ ಅಂಟಿಸಿದೆ. ಅದರ ಕೆಳಗೆ ಪಾಸ್‌ವರ್ಡ್ ಕೂಡ ಬರೆದೆ. ನನ್ನ ನೆನಪಿನ ಮೇಲೆ ನನಗೆ ನಂಬಿಕೆಯಿರಲಿಲ್ಲ. ನೆರೆಯವರ ಮೇಲೆ ಇತ್ತು. ಇಪ್ಪತ್ತೆಂಟು ವರ್ಷ ಕಚೇರಿಯ ಲಕೋಟೆಗಳ ಮೇಲೆ 'ಗೋಪ್ಯ' ಎಂದು ಮೊಹರು ಒತ್ತಿದವನು ನಾನು. ಒತ್ತುವಾಗ ಆ ಪದವನ್ನು ಒಮ್ಮೆಯೂ ಓದಿರಲಿಲ್ಲ ಎಂದು ಈಗ ಅನ್ನಿಸುತ್ತದೆ.

ಮೊನ್ನೆ ಭಾನುವಾರ ಡಿಸ್ಕ್ ಮರಳಿ ತರಲು ಹೋದೆ. ವನಜಾಕ್ಷಿಯವರು ಒರೆಸಿ, ಹೊಸ ಚೀಲದಲ್ಲಿ ಹಾಕಿ ಕೊಟ್ಟರು. ಚೀಟಿ ಇರಲಿಲ್ಲ. "ನಮ್ಮ ಶಾಮ ದೀಪಾವಳಿಗೆ ಬಂದಿದ್ದನಲ್ರಿ, ಇದೇನಕ್ಕಾ ಅಂತ ತಿರುವಿ ತಿರುವಿ ನೋಡಿದ. ಆವಾಗ ಕಿತ್ತಿರಬೇಕು" ಎಂದು ನಕ್ಕರು. ಶಾಮ ಅವರ ತಮ್ಮ. ಏನು ಕೆಲಸ ಎಂದು ಕೇಳಿದೆ. ಆ ಕಲ್ಲಿದ್ದಲ ರಾಶಿಯ ಗುತ್ತಿಗೆದಾರನ ಬಳಿಯೇ ಹಾಜರಿ ಬರೆಯುತ್ತಾನಂತೆ. ಚಹಾ ಕುಡಿದು ಬಂದೆ. ಪೂರ್ತಿ ಕುಡಿದೆ, ಅದೇ ವಿಚಿತ್ರ.

"ಚೀಟಿ ಎಲ್ಲೋ ಬಿದ್ದಿರ್ತದ ಬಿಡ್ರಿ, ನೀವೊಬ್ರು" ಎನ್ನುತ್ತಾಳೆ ನಿನ್ನ ಅಮ್ಮ. ಹೇಳಿದವಳು ಮೂರು ದಿನದಿಂದ ಎದುರು ಮನೆಯ ಬಾಗಿಲ ಸದ್ದಾದಾಗಲೆಲ್ಲ ಒಲೆ ಸಣ್ಣ ಮಾಡಿ ನಿಲ್ಲುತ್ತಾಳೆ. ಎರಡೂ ಡಿಸ್ಕ್‌ಗಳ ಪಾಸ್‌ವರ್ಡ್ ಬದಲಿಸಿದೆ. ಅವನು ಆಗಲೇ ನಕಲು ಮಾಡಿಕೊಂಡಿದ್ದರೆ ಅದರಿಂದ ಏನೂ ಆಗದು. ಮಾಡಿಕೊಂಡಿಲ್ಲವೆಂದು ನಂಬಲು ನನಗೆ ಮನಸ್ಸಿದೆ. ಆ ಮನಸ್ಸನ್ನೇ ಈಗ ನಂಬಲಾಗುತ್ತಿಲ್ಲ.

ಬಿಸಿನೀರು ಕುಡಿ. ಅಮ್ಮ ಕಟ್ಟಿಕೊಟ್ಟ ಮೆಂತ್ಯದ ಹಿಟ್ಟು ಪತ್ರದ ಜೊತೆಗಿನ ಚೀಲದಲ್ಲಿದೆ. ನಮ್ಮಿಬ್ಬರ ಆಶೀರ್ವಾದ ನಿನಗೆ ಇದ್ದೇ ಇದೆ. ಕ್ಷಮೆಯನ್ನು ನೀನು ಎದುರಿಗೆ ಬಂದಾಗ ಕೇಳುತ್ತೇನೆ.

ನಿನ್ನ ಅಪ್ಪ,
ನರಹರಿ

ಮರೆತದ್ದಲ್ಲ, ಈಗ ಆದದ್ದು: ಲಕೋಟೆ ಅಂಟಿಸುವ ಮೊದಲು ಹಾಲಿಗೆಂದು ಇಳಿದೆ. ಮೆಟ್ಟಿಲಲ್ಲಿ ಶಾಮ. "ನಮಸ್ಕಾರ್ರಿ ಕಾಕಾ. ಮೈತ್ರೇಯಿ ಬಾಯಾರು ಯಾವಾಗ ಬರ್ತಾರ? ಅವರ ಹನ್ನೊಂದು ಮಂದಿ ಗೆಳತ್ಯಾರು ಚಲೋ ಅದಾರಲ್ರಿ?" ಆ ಹೆಂಗಸರು ಎಷ್ಟು ಜನರೆಂದು ನೀನು ನನಗೂ ಹೇಳಿರಲಿಲ್ಲ. ಮೇಲೆ ಬಂದು, ನೀನು ತೆರೆಯಬಾರದೆಂದಿದ್ದ ಕಡತವನ್ನು ತೆರೆದು ಎಣಿಸಿದೆ. ಹನ್ನೊಂದು. ನಿನ್ನ ಅಮ್ಮ ಈ ಪತ್ರ ಹಿಡಿದು ವಾಡಿಗೆ ಹೊರಡುತ್ತಾಳೆ, ನಾನು ಸಾವನೇರ್ ಬಸ್ಸಿಗೆ. ಅವರಿಗೆ ನಾನೇ ಹೇಳಬೇಕು. ಅದೇ ಜೀಪು ಮರಳುವಾಗ ನೀನೂ ಜಲ್ದಿ ಬಾ. ಹೆಸರು, ಮನೆ ಎಲ್ಲ ಬಾಯಿಪಾಠ ಮಾಡಿದ್ದೇನೆ. ಚೀಟಿ ಬರೆದಿಲ್ಲ.