ಮೊದಲ ಪುಟದ ಚಕ್ರವರ್ತಿ

ಅಪ್ಪಾ,

ನೀವೀಗ ಇಲ್ಲ, ಇದನ್ನು ಓದುವುದಿಲ್ಲವೆಂದು ಗೊತ್ತಿದ್ದೂ ಬರೆಯುತ್ತಿದ್ದೇನೆ. ಇವತ್ತು ನಮ್ಮ ಗ್ರಂಥಾಲಯದಲ್ಲಿ, ನೀವು ಹಚ್ಚಿಕೊಂಡಿದ್ದ ಆ ನಕ್ಷತ್ರ ಸಾಮ್ರಾಜ್ಯಗಳ ಹಳೇ ಕಾದಂಬರಿ ಬೈಂಡಿಂಗಿಗೆಂದು ನನ್ನ ಮೇಜಿಗೆ ಬಂತು. ಹಿಂದಿನ ರಟ್ಟಿಗೆ ಓದುಗರ ಅಭಿಪ್ರಾಯದ ಹಾಳೆ ಅಂಟಿಸಿರುತ್ತೇವಲ್ಲ, ಅದನ್ನು ಬಿಡಿಸುವ ಮುಂಚೆ ಓದಿದೆ. "ಯುದ್ಧ ಕಮ್ಮಿ, ಮಾತೇ ಜಾಸ್ತಿ" ಎಂದು ಒಬ್ಬರು ಗೊಣಗಿದ್ದಾರೆ. "ಎರಡು ಸಲ ಓದಿದೆ, ಎರಡು ಸಲವೂ ಬಸ್ಸು ತಪ್ಪಿತು" ಎಂದು ಇನ್ನೊಬ್ಬರು.

ಅದರ ಕೆಳಗೆ ನಿಮ್ಮ ಅಕ್ಷರ.

ಈ ಪುಸ್ತಕ ಓದೆಂದು ನನ್ನ ಕೈಗಿತ್ತ ಮೇಲೆ ಒಂದು ದಿನ ಊಟಕ್ಕೆ ಕೂತಾಗ ನೀವು, "ಓದಿದ್ಯೇನಮ್ಮಾ? ಯಾರು ಹಿಡಿಸಿದ್ರು?" ಎಂದಿರಿ. ಫೋನಿನಿಂದ ತಲೆ ಎತ್ತದೆಯೇ, "ಓದಿದೆ ಅಪ್ಪ, ಚಕ್ರವರ್ತಿನೇ ಸೂಪರ್" ಎಂದುಬಿಟ್ಟೆ. ನೀವು ನಕ್ಕು ಊಟ ಮುಂದುವರಿಸಿದಿರಿ.

ಹಾಳೆಯಲ್ಲಿ ಹೀಗೆ ಬರೆದಿದ್ದೀರಿ: "ನನ್ನ ಮಗಳಿಗೆ ಚಕ್ರವರ್ತಿ ಬಹಳ ಹಿಡಿಸಿದನಂತೆ. ಅವನು ಮೊದಲ ಪುಟದಲ್ಲೇ ಸಾಯುತ್ತಾನೆ. ಇರಲಿ, ನನಗೆ ಬೇಜಾರಾಗಬಾರದೆಂದು ಹೇಳಿದ್ದಾಳೆ."

ಬೇಜಾರಾಗಬಾರದೆಂದಲ್ಲ ಅಪ್ಪಾ. ಮಾತು ಅಲ್ಲಿಗೇ ಮುಗಿಯಲೆಂದು.

ಕೆಳಗೆ ನಾನೂ ಒಂದು ಸಾಲು ಬರೆಯೋಣವೆಂದು ಪೆನ್ನು ತೆಗೆದೆ. ಓದದೆ ಏನು ಬರೆಯಲಿ? ಮೊದಲ ಪುಟ ತೆರೆದೆ.

ಮೂರನೆಯ ಸಾಲಿಗೇ ಅವನು ಹೋಗಿಬಿಟ್ಟ.