ಪಾಸಾದ ರಿಪೋರ್ಟ್

ಮಾರ್ಚ್ ೩, ಬೆಳಿಗ್ಗೆ

ಮತ್ತೆ ಅದೇ ಕ್ಯಾನ್. ಬಚ್ಚಲಿನಲ್ಲಿ, ನನ್ನ ಶಾಂಪೂ ಪಕ್ಕದಲ್ಲೇ. ಇವತ್ತಿಡೀ ಇವರ ಮೂತ್ರ ಅದರಲ್ಲೇ ಹಿಡಿಯಬೇಕು — ಕಿಡ್ನಿಯಿಂದ ಪ್ರೋಟೀನ್ ಎಷ್ಟು ಸೋರುತ್ತಿದೆ ಅಂತ ನೋಡಲು. ಹೋದ ಸಲ ವಿಪರೀತ ಇತ್ತು. ಹಲ್ಲುಜ್ಜುವಾಗಲೇ ವಾಕರಿಕೆ. ಕಾಯಿಲೆಯವರ ಮೇಲೆ ಹೇಸಿಗೆಪಡುವುದು ತಪ್ಪು. ಗೊತ್ತು. ಆದರೂ...

ಮೈದುನ ಬಂದು ಉಳಿದಿದ್ದಾನೆ. ಕ್ಯಾನ್ ಮರೆಮಾಡಲಾ ಎಂದರೆ ಇವರು, “ಅವನೇನು ಹೊರಗಿನವನಾ?”

ಮಾರ್ಚ್ ೬

ಪ್ರೋಟೀನ್ ನಾರ್ಮಲ್! ಇವರು ಶಿಳ್ಳೆ ಹಾಕುತ್ತ ಉಪ್ಪಿನ ಡಬ್ಬಿ ಎಳೆದುಕೊಂಡರು. “ನೋಡಿದ್ಯಾ? ಸುಮ್ನೆ ನನ್ನ ತಲೆ ತಿಂತಿದ್ದೆ.” ಡಾಕ್ಟರು ಕಿಡ್ನಿಗೆ ವಿಷ, ಮುಟ್ಟಲೇಬೇಡಿ ಎಂದಿದ್ದ ಮಂಡಿನೋವಿನ ಮಾತ್ರೆಯೂ ಮತ್ತೆ ಶುರು. ಬಿಪಿ ಮಾತ್ರೆ ಮಾತ್ರ ನೆನಪಾಗುವುದಿಲ್ಲ.

ಖುಷಿಯಾಗಬೇಕಿತ್ತು ನನಗೆ.

ಮಾರ್ಚ್ ೧೭, ಮಧ್ಯಾಹ್ನ

ಡಾಕ್ಟರಮ್ಮ ಎರಡು ರಿಪೋರ್ಟ್ ಪಕ್ಕಪಕ್ಕ ಇಟ್ಟರು. ರಕ್ತದಲ್ಲಿ ಕ್ರಿಯಾಟಿನಿನ್ ಏರಿದೆ, ಅಂದರೆ ಕಿಡ್ನಿ ಇನ್ನೂ ಕೆಟ್ಟಿದೆ. ಮೂತ್ರದಲ್ಲಿ ಪ್ರೋಟೀನೇ ಇಲ್ಲ. ಬದಲಿಗೆ ಸಕ್ಕರೆ! ಇವರಿಗೆ ಶುಗರ್ ಇಲ್ಲವೇ ಇಲ್ಲ.

“ಎರಡೂ ಒಬ್ಬರದ್ದೇನಾ?” ಎಂದು ಕೇಳಿದರು.

ಇವರು ಫ್ಯಾನ್ ನೋಡಿದರು.

ಕಾರಿನಲ್ಲಿ ಬಾಯಿಬಿಟ್ಟರು. “ಕ್ಯಾನಲ್ಲಿದ್ದಿದ್ದು ನನ್ನ ತಮ್ಮಂದು.”

ಅಲ್ಲೇ ಮೈದುನನಿಗೆ ಫೋನ್ ಮಾಡಿದೆ. ಅವನಿಗೆ ನಗು. “ಅಣ್ಣ ಬಾಯಿಬಿಟ್ಟು ಕೇಳಿದ್ದೇ ಅಪರೂಪ, ಅತ್ತಿಗೆ. ಇಲ್ಲ ಅನ್ನೋಕಾಗುತ್ತಾ? ಧಾರಾಳವಾಗಿ ಕೊಟ್ಟೆ.”

“ನಿನಗೆ ಶುಗರ್ ಇದೆ ಕಣೋ.”

“...ತಮಾಷೆ ಮಾಡ್ಬೇಡಿ ಅತ್ತಿಗೆ.”

ಥೂ. ಐವತ್ತರ ಹತ್ತಿರದ ಗಂಡಸರು. ಬಚ್ಚಲಲ್ಲಿ ಒಬ್ಬರಿಗೊಬ್ಬರು ಕ್ಯಾನ್ ಹಿಡಿದುಕೊಂಡು...

“ಯಾಕ್ರೀ?” ಎಂದೆ.

“ಡಾಕ್ಟರೂ ಬೈತಾರೆ, ನೀನೂ ಬೈತೀಯ. ಒಂದ್ಸಲನಾದ್ರೂ ಪಾಸಾಗೋಣ ಅನ್ನಿಸ್ತು.”

ನಾನೇನು ಇವರ ಹೆಡ್‌ಮಿಸ್ಟ್ರೆಸ್ಸಾ? ಮನೆಗೆ ಬಂದು ಬಚ್ಚಲು ತೊಳೆದೆ. ಮತ್ತೆ ತೊಳೆದೆ.

ಮಾರ್ಚ್ ೨೧, ಸಂಜೆ

ನೋವಿನ ಮಾತ್ರೆ ನಾನೇ ಕಸಕ್ಕೆ ಹಾಕಿದ್ದೆ. ಇವರ ಶೂ ಒಳಗೆ ಇನ್ನೊಂದು ಸ್ಟ್ರಿಪ್ ಸಿಕ್ಕಿತು. ಬೆವರು ವಾಸನೆ, ಅರ್ಧ ಖಾಲಿ. ಎಸೆದೆ.

ಇವರು ಈಚೆಗೆ ಶೂ ಹಾಕುತ್ತಿಲ್ಲ ಯಾಕೆ ಅಂತ ಆಮೇಲೆ ಹೊಳೆಯಿತು. ಕಾಲು ಹಿಡಿಸುತ್ತಿಲ್ಲ. ಮನೆಯೊಳಗೂ ಹಾಕಿಕೊಂಡೇ ಇದ್ದ ಕಾಲ್ಚೀಲ ಬಿಚ್ಚಿಸಿದೆ. ಪಾದ ಊದಿದೆ. ಹೆಬ್ಬೆರಳಿನಿಂದ ಒತ್ತಿದೆ — ಗುಳಿ ಬಿತ್ತು. ಹಾಗೇ ಉಳಿಯಿತು.

“ಎಷ್ಟು ದಿನದಿಂದ?”

ಕಾಲು ನೋಡಿಕೊಳ್ಳಲಿಲ್ಲ ಇವರು. ನನ್ನ ಮುಖ ನೋಡಿದರು. ಯಾವ ಉತ್ತರಕ್ಕೆ ಬೈಗುಳ ಕಡಿಮೆ ಅಂತ ಲೆಕ್ಕ ಹಾಕುತ್ತಾ. “ನಿನ್ನೆಯಿಂದ” ಎಂದರು.

ಸುಳ್ಳು. ಕೂಗಬೇಕಿತ್ತು. ಆ ನೋಟ ಕಂಡು ಕಾಲ್ಚೀಲ ಮಡಚುತ್ತ ಕೂತೆ. ಇಷ್ಟು ದಿನ ಇವರ ಮೇಲಿದ್ದ ಹೇಸಿಗೆ ಈಗ ನನ್ನ ಮೇಲೇ ತಿರುಗಿದೆ.