ಕೀಲು ಕೊಟ್ಟಿರಿ, ಕಸುವು ಯಾರು ಕೊಡಬೇಕು?

ಆರೋಗ್ಯ ಇಲಾಖೆಯ ಮಾನ್ಯ ಅಧಿಕಾರಿಗಳೇ,

ನನ್ನ ಹೆಂಡತಿ ಅನಸವ್ವನಿಗೆ ನಿಮ್ಮ ಯೋಜನೆಯಲ್ಲಿ ಸೊಂಟಕ್ಕೆ ಹೊಸ ಕೀಲು ಸಿಕ್ಕಿತು. ಅದರ ಮೇಲೆ ನಿಲ್ಲುವ ಕಸುವು ಸಿಗಲಿಲ್ಲ. ಇನ್ನು ಸಿಗುವ ಆಸೆಯೂ ಇಲ್ಲ.

ಬನಹಟ್ಟಿಯಲ್ಲಿ ನಮ್ಮದು ನೇಕಾರರ ಮನೆ. ಮದುವೆಯಾಗಿ ಬಂದಾಗಿನಿಂದ ಅನಸವ್ವ ವಿದ್ಯುತ್ ಮಗ್ಗದ ಮುಂದೆ ನಿಂತವಳು. ದಿನವಿಡೀ ಹರಿದ ಎಳೆ ಕಟ್ಟುತ್ತ, ಲಾಳಿ ಬದಲಿಸುತ್ತ, ಮಗ್ಗದ ಸದ್ದನ್ನೂ ಮೀರಿ ಹಾಡುತ್ತಿದ್ದಳು. ಸೊಂಟ ಸವೆದು ಅದೆಲ್ಲ ನಿಂತಿತು. ದೊಡ್ಡ ಊರಿನ ಆಸ್ಪತ್ರೆಯಲ್ಲಿ ಶಸ್ತ್ರಚಿಕಿತ್ಸೆ ಚೆನ್ನಾಗಿಯೇ ಆಯಿತು, ಸುಳ್ಳು ಹೇಳಲಾರೆ. ಮನೆಗೆ ಕಳಿಸುವಾಗ ಡಾಕ್ಟರು ಸ್ಪಷ್ಟವಾಗಿ ಹೇಳಿದರು: “ನೋಡ್ರಿ ಶಂಕರೆಪ್ಪ, ನನ್ನ ಕೆಲಸ ಅರ್ಧಾ ಅಷ್ಟ ಆತು. ನೋವು ತಿಂದು ತಿಂದು ಈ ಕಾಲಿನ ಸ್ನಾಯು ಸೊರಗ್ಯಾವ. ಫಿಜಿಯೋಥೆರಪಿ ಮಾಡಿಸ್ರಿ, ತಡಾ ಮಾಡಬ್ಯಾಡ್ರಿ. ಮತ್ತ ಮಗ್ಗದ ಮುಂದ ನಿಲ್ತಾರ.”

ನಂಬಿ ಬಂದೆವು. ನಮಗೆ ಹತ್ತಿರದ ನಿಮ್ಮ ಆಸ್ಪತ್ರೆಯಲ್ಲಿ ಅದಕ್ಕೊಂದು ಕೋಣೆ ಇದೆ, ಹಿಡಿದು ನಡೆಯುವ ಕಂಬಿಗಳಿವೆ, ಹೊಸ ಯಂತ್ರವೂ ಇದೆ. ವ್ಯಾಯಾಮ ಕಲಿಸುವವರಿಲ್ಲ, ಹುದ್ದೆ ಖಾಲಿ. ವಾಕರ್ ಹಿಡಿದ ಹೆಂಗಸನ್ನು ಆಟೋದಲ್ಲಿ ಕರೆತಂದಾಗಲೆಲ್ಲ ಒಂದೇ ಉತ್ತರ: “ಮುಂದಿನ ವಾರ ಬರ್ರಿ.” ಯಾವ ವಾರದ ಮುಂದಿನ ವಾರ, ಮಾನ್ಯರೇ? ನೇಮಕಾತಿ ಆಗುವವರೆಗೆ ಸೊರಗಕೂಡದು ಎಂದು ಸ್ನಾಯುಗಳಿಗೊಂದು ಸುತ್ತೋಲೆ ಹೊರಡಿಸಬಾರದಿತ್ತೇ?

ಬೇರೆ ಊರಿನ ಖಾಸಗಿಯವರಲ್ಲಿಗೂ ಹೊರಟೆವು. ಬಸ್ಸಿನ ಮೆಟ್ಟಿಲಿಗೆ ಆ ಕಾಲು ಏಳಲಿಲ್ಲ. ಹಿಂದಿನವರು ಅವಸರ ಮಾಡಿದರು. “ನನ್ನ ಇಳಸ್ರಿ, ಮನಿಗೆ ಹೋಗೂಣು,” ಎಂದು ಎಲ್ಲರೆದುರು ಅತ್ತುಬಿಟ್ಟಳು. ಆಮೇಲೆ ಮನೆಯಲ್ಲೇ ಮಲಗಿಸಿ ಕಾಲು ಎತ್ತಿಸತೊಡಗಿದೆ. ನೋವಾದರೆ ಅದು ಬರಬೇಕಾದ ನೋವೋ, ಕೀಲು ಜಾರುವ ನೋವೋ ತಿಳಿಯದೆ ಇಬ್ಬರೂ ಹೆದರಿ ನಿಲ್ಲಿಸುತ್ತಿದ್ದೆವು.

ಯುಗಾದಿ ಕಳೆದ ಮೇಲೆ ಒಂದು ಬೆಳಿಗ್ಗೆ ವಾಕರ್ ಬಿಟ್ಟು, ಹಟದಿಂದ ಮಗ್ಗದ ಮುಂದೆ ನಿಂತಳು. ಎಳೆ ಹರಿಯಿತು, ಬಾಗಿದಳು, ಕಾಲು ನಡುಗಿ ಕುಸಿಯಿತು. ಸೊಸೆ ಮಂಗಲಾ ಓಡಿಬಂದು ಹಿಡಿಯದಿದ್ದರೆ ಕೈ ಮಗ್ಗಕ್ಕೆ ಸಿಕ್ಕುತ್ತಿತ್ತು. “ಅತ್ತಿ, ನಾ ಅದೀನಲ್ರಿ, ನೀವು ಕುಂಡ್ರಿ,” ಎಂದಳು ಮಂಗಲಾ. ಅನಸವ್ವ ಮತ್ತೆ ಮಗ್ಗದ ಕೋಣೆಗೆ ಕಾಲಿಟ್ಟಿಲ್ಲ, ಹಾಡಿಯೂ ಇಲ್ಲ. ಕಳೆದ ತಿಂಗಳು ಅದೇ ಡಾಕ್ಟರು ಅವಳ ಬಡಕಲು ತೊಡೆ ಮುಟ್ಟಿ ನೋಡಿ, “ಭಾಳ ತಡಾ ಆತಲ್ರಿ. ಇನ್ನ ಮೊದಲಿನಂಗ ಆಗೂದು ಕಷ್ಟ,” ಎಂದರು.

ಅವಳಿಗಾಗಿ ನಾನೀಗ ಏನನ್ನೂ ಕೇಳುತ್ತಿಲ್ಲ. ಮೊನ್ನೆ ಅವಳ ಗುಳಿಗೆಗೆಂದು ಹೋದಾಗ, ನಿಮ್ಮ ಆ ಕೋಣೆಯ ಹೊರಗೆ ಹೊಳೆಪ್ಪ ಎಂಬವರು ಕುಳಿತಿದ್ದರು. ಅವರಿಗೂ ಇದೇ ಶಸ್ತ್ರಚಿಕಿತ್ಸೆ. ಹೊಲಿಗೆ ಬಿಚ್ಚಿ ಇನ್ನೂ ಹೆಚ್ಚು ದಿನವಾಗಿಲ್ಲ. ಅನಗವಾಡಿಯಿಂದ ಹೊರಟು, ಮುಧೋಳದಲ್ಲಿ ಬಸ್ಸು ಬದಲಿಸಿ ಬಂದಿದ್ದರು. “ಇಲ್ಲೆ ಕಾಲಿಗೆ ಶಕ್ತಿ ಬರೂಹಂಗ ಮಾಡ್ತಾರಂತಲ್ರೀ, ಖರೇನ?” ಎಂದು ಕೇಳಿದರು. ಮನೆಗೆ ಬಂದು ಈ ಪತ್ರ ಬರೆಯಲು ಕುಳಿತೆ. ಅವರಿಗಿನ್ನೂ ಸಮಯವಿದೆ. ವಾರಕ್ಕೊಂದು ದಿನವಾದರೂ ಸರಿ, ಕಲಿಸುವವರನ್ನು ಈಗಲೇ ಕಳಿಸಿ. ಕಳಿಸುತ್ತೀರೆಂಬ ನಂಬಿಕೆ ನನಗಿಲ್ಲ. ಹೊಳೆಪ್ಪನವರಿಗೆ ಇದೆ.

ಇಂತಿ,
ನಿಮ್ಮ ಖಾಲಿ ಹುದ್ದೆಯನ್ನು ಅರ್ಹತೆಯಿಲ್ಲದೆ ನಿಭಾಯಿಸಲು ಹೋಗಿ ಸೋತ
ಶಂಕರೆಪ್ಪ, ಬನಹಟ್ಟಿ